ಹನ್ನೊಂದು ಎಂಬಿಯಲ್ಲಿ ಸಿಕ್ಕಿದ ಸುಳಿವು

ಆಫೀಸಿನ ಫೈಲ್ ಸರ್ವರ್, ಅಂದರೆ ಎಲ್ಲರ ಫೈಲುಗಳನ್ನೂ ಒಂದೇ ಕಡೆ ಇಡುವ ಕಂಪ್ಯೂಟರ್, ನಿಧಾನವಾದರೆ ಮೊದಲು ಬರುವ ಸಲಹೆ ಒಂದೇ: 'ರ‍್ಯಾಮ್ (ಕೆಲಸದ ಹೊತ್ತಿನ ಮೆಮೊರಿ) ಜಾಸ್ತಿ ಹಾಕ್ಸಿ.' ಪರಿಚಯದ ಆಡಿಟರ್ ಆಫೀಸಿನಲ್ಲೂ ಹಾಗೇ ಮಾಡಿದ್ದರು. ಹತ್ತು ಜನರ ಜಾಗ. 8 ಜಿಬಿ ಇದ್ದದ್ದು 16 ಆಯಿತು. ವೇಗ ಮಾತ್ರ ಇದ್ದಲ್ಲೇ ಇತ್ತು.

ನಾನು ಹೋಗಿ 2 ಜಿಬಿಯ ಒಂದು ಫೈಲನ್ನು ಸರ್ವರ್‌ನಿಂದ ಕಾಪಿ ಮಾಡಿ ನೋಡಿದೆ. ಸೆಕೆಂಡಿಗೆ 11 ಎಂಬಿ. ಅದಕ್ಕಿಂತ ಮೇಲೇರಲೇ ಇಲ್ಲ. ಈ 11 ಕಂಡರೆ ಮೊದಲು ಕೇಬಲ್ ನೋಡಬೇಕು. ಗಿಗಾಬಿಟ್ (ಸೆಕೆಂಡಿಗೆ 1000 ಮೆಗಾಬಿಟ್) ನೆಟ್‌ವರ್ಕ್ ಸೆಕೆಂಡಿಗೆ ಸುಮಾರು 110 ಎಂಬಿ ಕೊಡುತ್ತದೆ, ಎಂಟು ಬಿಟ್ ಸೇರಿದರೆ ಒಂದು ಬೈಟ್ ತಾನೇ. 100 ಮೆಗಾಬಿಟ್ ಆದರೆ 11ರ ಹತ್ತಿರ ನಿಂತುಬಿಡುತ್ತದೆ. ಇಲ್ಲಿ ಸ್ವಿಚ್ (ಕಂಪ್ಯೂಟರ್‌ಗಳನ್ನೆಲ್ಲ ಕೇಬಲ್‌ನಿಂದ ಜೋಡಿಸುವ ಪೆಟ್ಟಿಗೆ), ಸರ್ವರ್ ಎರಡೂ ಗಿಗಾಬಿಟ್ಟೇ.

ಸರ್ವರ್‌ನ ಕೇಬಲ್‌ಗೆ ಟೆಸ್ಟರ್ ಹಾಕಿದೆ, ಅದರಲ್ಲಿ ಒಂದೊಂದು ತಂತಿಗೆ ಒಂದೊಂದು ದೀಪ. ಒಂದು, ಎರಡು, ಮೂರು ದೀಪ ಹತ್ತಿದವು. ನಾಲ್ಕನೆಯದು ಹತ್ತಲಿಲ್ಲ. ಬೀರುವಿನ ಕಾಲಿಗೆ ಸಿಕ್ಕಿ ಕೇಬಲ್ ಜಜ್ಜಿಹೋಗಿತ್ತು, ಒಳಗೆ ನೀಲಿ ತಂತಿ ತುಂಡಾಗಿತ್ತು. ಗಿಗಾಬಿಟ್‌ಗೆ ಎಂಟೂ ತಂತಿ ಬೇಕು. 100 ಮೆಗಾಬಿಟ್‌ಗೆ ನಾಲ್ಕು ಸಾಕು, ಆ ನಾಲ್ಕರಲ್ಲಿ ನೀಲಿ ಇಲ್ಲ. ಹಾಗಾಗಿ ಸರ್ವರ್ ಸದ್ದಿಲ್ಲದೆ ಕೆಳಗಿನ ವೇಗಕ್ಕೆ ಇಳಿದಿತ್ತು. ಎರರ್ ಬರದಿದ್ದರೆ ಯಾರಿಗೆ ಗೊತ್ತಾಗಬೇಕು, ಅಲ್ವಾ?

ಹೊಸ ಕೇಬಲ್ ಹಾಕಿದ ಮೇಲೆ ದೊಡ್ಡ ಫೈಲುಗಳು ಓಡಿದವು. ಆದರೆ ಸಾವಿರಾರು ಸಣ್ಣ ಫೈಲುಗಳಿದ್ದ ಫೋಲ್ಡರ್ ಮಾತ್ರ ಇನ್ನೂ ತೆವಳುತ್ತಿತ್ತು. ಇದು ಹಾರ್ಡ್ ಡಿಸ್ಕಿನ ಕಷ್ಟ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಬೇಕು. ಓದುವ ತಲೆ ಸರಿಯಾದ ಸಾಲಿಗೆ ಸರಿಯಲು ಎಂಟೊಂಬತ್ತು ಮಿಲಿಸೆಕೆಂಡ್. ಬೇಕಾದ ಜಾಗ ಕೆಳಗೆ ಬರುವವರೆಗೆ ಸರಾಸರಿ ಅರ್ಧ ಸುತ್ತು ಕಾಯಬೇಕು. ಒಟ್ಟು ಹನ್ನೆರಡು ಹದಿಮೂರು ಮಿಲಿಸೆಕೆಂಡ್. ಅಂದರೆ ಸೆಕೆಂಡಿಗೆ ಎಂಬತ್ತರಷ್ಟು ಓಡಾಟ, ಅಷ್ಟೇ. ಒಂದೊಂದು ಸಲಕ್ಕೆ 4 ಕೆಬಿ ಸಿಕ್ಕರೆ ಸೆಕೆಂಡಿಗೆ ಬರೀ 320 ಕೆಬಿ! ಅದೇ ಡಿಸ್ಕ್ ದೊಡ್ಡ ಫೈಲನ್ನು ಒಂದೇ ಸಮನೆ ಓದುವಾಗ 150 ಎಂಬಿ ದಾಟುತ್ತದೆ.

ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಒಟ್ಟಿಗೆ ಫೈಲ್ ತೆಗೆದಾಗ, ಯಾವ ಭಾಗಕ್ಕೆ ಎಷ್ಟು ಕೆಲಸ ಎಂದು ಹೇಳುವ ರಿಸೋರ್ಸ್ ಮಾನಿಟರನ್ನು ಅವರಿಗೆ ತೋರಿಸಿದೆ. ಪ್ರೊಸೆಸರ್ ಸುಮ್ನೆ ಕೂತಿತ್ತು, ಡಿಸ್ಕಿನ ಮುಂದೆ ಮಾತ್ರ ಉದ್ದ ಸಾಲು. ಒಮ್ಮೆ ಓದಿದ ಫೈಲನ್ನು ರ‍್ಯಾಮ್ ಇಟ್ಟುಕೊಳ್ಳುತ್ತದೆ ನಿಜ. ಆದರೆ ಮೊದಲ ಸಲ ಡಿಸ್ಕಿನಿಂದಲೇ ಬರಬೇಕಲ್ಲ.

ದಿನಾ ಬಳಸುವ ಫೋಲ್ಡರ್‌ಗಳನ್ನು ಒಂದು ಸಾಟಾ ಎಸ್‌ಎಸ್‌ಡಿಗೆ, ಅಂದರೆ ತಟ್ಟೆಯ ಬದಲು ಚಿಪ್‌ಗಳಲ್ಲಿ ಫೈಲ್ ಇಡುವ ಡ್ರೈವ್‌ಗೆ, ಹಾಕಿದೆವು. ಅದರಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಫೋಲ್ಡರ್ ಒತ್ತಿದ ಕೂಡಲೇ ತೆರೆಯಿತು. ಆ ಎಸ್‌ಎಸ್‌ಡಿ 500 ಎಂಬಿ ಕೊಡಬಲ್ಲದು, ಈಗ 110ಕ್ಕೆ ಅದನ್ನು ಹಿಡಿದು ನಿಲ್ಲಿಸಿರುವುದು ನೆಟ್‌ವರ್ಕ್. ಹತ್ತು ಜನರ ಲೆಕ್ಕದ ಕೆಲಸಕ್ಕೆ ಅಷ್ಟು ಧಾರಾಳ. ಅದಕ್ಕೆ ಸ್ವಿಚ್ ಬದಲಾಯಿಸೋದು ಬೇಡ ಅಂದೆ.