ಎಕೋ ಮಾಡಿಸೋಕೆ ಹೇಳಿದ್ದಾರೆ

ಹೃದಯದ ತೊಂದರೆ ಇರುವವರ ಮನೆಯಲ್ಲಿ 'ಡಾಕ್ಟ್ರು ಎಕೋ ಮಾಡಿಸೋಕೆ ಹೇಳಿದ್ದಾರೆ' ಅನ್ನುವುದು ಮಾಮೂಲಿ ಮಾತು. ಎಕೋ ಅಂದರೆ ಸದ್ದಿನ ಸಹಾಯದಿಂದ ಹೃದಯ ನೋಡುವ ಪರೀಕ್ಷೆ. ಎಕೋ ಒಬ್ಬ ಹುಡುಗಿಯ ಹೆಸರು ಅಂತ ಗೊತ್ತಾದ ದಿನ ನನಗೆ ಮೈ ಜುಮ್ಮೆಂದಿತ್ತು.

ಅವಳು ಗ್ರೀಕರ ಕಥೆಗಳ ವನದೇವತೆ, ಮಾತಿನ ಮಲ್ಲಿ. ದೇವತೆಗಳ ರಾಣಿಯನ್ನು ಮಾತಿನಲ್ಲಿ ಕಟ್ಟಿಹಾಕಿ, ಅವಳ ಗಂಡನ ಕಳ್ಳಾಟ ಗೊತ್ತಾಗದಂತೆ ಮಾಡುತ್ತಿದ್ದಳು. ಅದಕ್ಕೆ ರಾಣಿ ಶಪಿಸಿದಳು: ಇನ್ನು ನೀನಾಗಿ ಮಾತಾಡುವಂತಿಲ್ಲ, ಬೇರೆಯವರ ಕೊನೆಯ ಮಾತನ್ನಷ್ಟೇ ತಿರುಗಿ ಹೇಳಬೇಕು. ಮುಂದೆ ಅವಳು ನಾರ್ಸಿಸಸ್ ಎಂಬ ಚೆಲುವ ಹುಡುಗನನ್ನು ಪ್ರೀತಿಸಿದಳು. ಅವನು ದೂರ ತಳ್ಳಿದ. ಕೊರಗಿ ಕೊರಗಿ ಮೈ ಸವೆಯಿತು, ಮೂಳೆ ಕಲ್ಲಾಯಿತು, ದನಿ ಮಾತ್ರ ಉಳಿಯಿತು. ಸುಮಾರು 2000 ವರ್ಷಗಳ ಹಿಂದೆ ರೋಮಿನ ಕವಿ ಓವಿಡ್ ಹೇಳಿದ ಕಥೆ ಇದು. ಪದ ಮಾತ್ರ ಕಥೆಗಿಂತ ಹಳೆಯದು. ಗ್ರೀಕಿನಲ್ಲಿ ಸದ್ದಿಗೆ ಇದ್ದ ಮಾತೇ ಅವಳಿಗೆ ಹೆಸರಾಯಿತು.

ಎಕೋ ಪರೀಕ್ಷೆ ಶುರುವಾದದ್ದು 1953ರಲ್ಲಿ. ಸ್ವೀಡನ್ನಿನ ಲುಂಡ್‌ನಲ್ಲಿ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್, ಲೋಹದಲ್ಲಿ ಬಿರುಕು ಹುಡುಕುವ ಯಂತ್ರವನ್ನು ಮನುಷ್ಯನ ಎದೆಗೆ ಹಿಡಿದರು. ನಮ್ಮ ಕಿವಿಗೆ ಕೇಳದಷ್ಟು ಕೀರಲು ಸದ್ದನ್ನು ಅದು ಒಳಗೆ ಕಳಿಸುತ್ತದೆ. ಹೃದಯದ ಗೋಡೆಗೆ, ಕವಾಟಕ್ಕೆ ಬಡಿದು ಸದ್ದು ವಾಪಸ್ ಬರುತ್ತದೆ, ಅದೇ ಎಕೋ, ಮಾರ್ದನಿ. ಎಷ್ಟು ಹೊತ್ತಿಗೆ ಬಂತು ಅನ್ನುವುದರಿಂದ ಗೋಡೆ ಎಷ್ಟು ದೂರ, ಹೇಗೆ ಆಡುತ್ತಿದೆ ಎಂದು ತಿಳಿಯುತ್ತದೆ. ಈ ಪರೀಕ್ಷೆಯಲ್ಲಿ ಹೃದಯವೂ ಆ ಹುಡುಗಿಯ ಹಾಗೆಯೇ, ನಾವು ಕೂಗಿದರಷ್ಟೇ ಓಗೊಡುತ್ತದೆ.

ಅದೇ ಕಥೆಯಲ್ಲಿ ಬರುವ ಇನ್ನೂ ಇಬ್ಬರ ಹೆಸರು ಇಂದು ಪದಗಳಾಗಿವೆ. ನಾರ್ಸಿಸಸ್ ತಿರಸ್ಕರಿಸಿದವರಲ್ಲಿ ಒಬ್ಬಾತ ದೇವರಿಗೆ ಮೊರೆಯಿಟ್ಟ. ಕೇಳಿಸಿಕೊಂಡವಳು ನೆಮೆಸಿಸ್, ಸೊಕ್ಕು ಮುರಿಯುವ ದೇವತೆ. ಇಂದು ಇಂಗ್ಲಿಷಿನಲ್ಲಿ, ಎಷ್ಟು ಸಲ ಆಡಿದರೂ ಸೋಲಿಸಲಾಗದ ಎದುರಾಳಿಗೆ ಅವಳ ಹೆಸರು.

ಇನ್ನು ನಾರ್ಸಿಸಸ್. 1914ರಲ್ಲಿ, ಮನೋವಿಶ್ಲೇಷಣೆ ಹುಟ್ಟುಹಾಕಿದ ಫ್ರಾಯ್ಡ್, ನಾರ್ಸಿಸಿಸಂ ಅಂದರೆ ತನ್ನನ್ನೇ ತಾನು ಮೋಹಿಸುವುದರ ಬಗ್ಗೆಯೇ ಒಂದು ಪ್ರಬಂಧ ಬರೆದ. ಈಗ ನೆಟ್‌ನಲ್ಲಿ ಅದು 'ನಾರ್ಕ್' ಎಂದು ಮೊಟಕಾಗಿ ಬೈಗುಳವಾಗಿದೆ. ಜಾಸ್ತಿ ಸೆಲ್ಫಿ ತೆಗೆದರೂ ಸಾಕು, ನಾರ್ಸಿಸಿಸ್ಟ್ ಅಂತಾರೆ. ಇದು ನನಗೆ ಬೇಸರದ ವಿಷಯ. ಮನೋವೈದ್ಯರು ಈ ಹೆಸರಿಟ್ಟಿರುವುದು ಒಂದು ಗಂಭೀರ ಸಮಸ್ಯೆಗೆ. ಸುಮ್ನೆ ಯಾರಿಗೋ ಅಂಟಿಸುವಂಥದ್ದಲ್ಲ ಅಲ್ವಾ?

ಕಥೆಯ ನಾರ್ಸಿಸಸ್‌ಗೆ, ಕೊಳದಲ್ಲಿ ಕಂಡದ್ದು ತನ್ನದೇ ಮುಖ ಅಂತ ಮೊದಲು ಗೊತ್ತೇ ಇರಲಿಲ್ಲ. ಬೇರೆ ಯಾರೋ ಎಂದುಕೊಂಡು ಕೈ ಚಾಚಿದ. ಗೊತ್ತಾದ ಮೇಲೂ ಬಿಟ್ಟು ಏಳಲಾಗದೆ ಅಲ್ಲೇ ಸೊರಗಿದ. ಕೊನೆಗೆ ನೀರಿನೊಳಗಿನ ಮುಖಕ್ಕೆ 'ಹೋಗಿ ಬರ್ತೀನಿ' ಎಂದ. 'ಹೋಗಿ ಬರ್ತೀನಿ' ಎಂದಳು ಎಕೋ.