ಬಾವುಟ ಬಿಟ್ಟು ಎಡಕ್ಕೆ

ಗಾಲ್ಫ್ ಪಾಠಕ್ಕೆ ಬರುವವರು ನನ್ನನ್ನು ಜಾಸ್ತಿ ಕೇಳುವುದು ದೂರದ ಬಗ್ಗೆ, ಅದರಲ್ಲೂ ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್ ಬಗ್ಗೆ. 'ಸರ್, ಡ್ರೈವರ್‌ನಲ್ಲಿ ಇನ್ನೊಂದು ಇಪ್ಪತ್ತು ಗಜ ಹೇಗೆ ಸಿಗುತ್ತೆ?' ಆಗ ನಾನು ಫೋನ್ ತೆಗೆದು 2019ರ ಮಾಸ್ಟರ್ಸ್ ಟೂರ್ನಿಯ ಒಂದು ಹೊಡೆತ ತೋರಿಸುತ್ತೇನೆ. ಅಮೆರಿಕದ ಜಾರ್ಜಿಯಾದಲ್ಲಿರುವ ಅಗಸ್ಟಾ ನ್ಯಾಷನಲ್ ಮೈದಾನ. ಕೊನೆಯ ದಿನ, 12ನೇ ಹೋಲ್ (ಮೊದಲ ಹೊಡೆತದ ಜಾಗದಿಂದ ಕುಳಿಯವರೆಗಿನ ಒಂದು ಘಟ್ಟ). ಉದ್ದ ಬರೀ 155 ಗಜ. ಅಷ್ಟು ದೂರ ನನ್ನ ಹತ್ತಿರ ಕಲಿಯುವ ಹದಿನಾರರ ಹುಡುಗರೂ ಹೊಡೆಯುತ್ತಾರೆ.

ಆದರೂ ಆ ದಿನ ಕೊನೆಯ ಎರಡು ಗುಂಪಿನ ಆರು ಜನರಲ್ಲಿ ನಾಲ್ವರ ಚೆಂಡು ಅಲ್ಲಿ ನೀರಿಗೆ ಬಿತ್ತು. ಬ್ರೂಕ್ಸ್ ಕೆಪ್ಕಾ, ಇಯಾನ್ ಪೌಲ್ಟರ್, ಟೋನಿ ಫಿನೌ, ಜೊತೆಗೆ ಎರಡು ಹೊಡೆತ ಮುಂದಿದ್ದ ಫ್ರಾಂಚೆಸ್ಕೊ ಮೊಲಿನಾರಿ. ಯಾರೂ ಸಾಮಾನ್ಯರಲ್ಲ.

ಕಾರಣ ಗ್ರೀನ್‌ನ, ಅಂದರೆ ಕುಳಿ ಇರುವ ನುಣುಪು ಹುಲ್ಲಿನ ಜಾಗದ, ಓರೆಯಲ್ಲಿದೆ. ಇದನ್ನು ಬಾಯಲ್ಲಿ ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ. ಅದಕ್ಕೇ ರೇಂಜ್‌ನಲ್ಲಿ (ಅಭ್ಯಾಸದ ಜಾಗ) ಒಂದು ಟವಲನ್ನು ಓರೆಯಾಗಿ ಹಾಸುತ್ತೇನೆ: ಎಡ ತುದಿ ನಮಗೆ ಹತ್ತಿರ, ಬಲ ತುದಿ ದೂರ. ಇಪ್ಪತ್ತು ಹೆಜ್ಜೆ ಹಿಂದೆ ನಿಂತು ವೆಜ್‌ನಲ್ಲಿ (ಹತ್ತಿರದ ಹೊಡೆತದ ಕ್ಲಬ್) ಮೂವತ್ತು ಚೆಂಡು ಹೊಡೆಯಿರಿ ಅನ್ನುತ್ತೇನೆ. ಬೆಳಗಿನ ಹುಲ್ಲು ಒದ್ದೆ ಇರುತ್ತದೆ, ಚೆಂಡು ಬಿದ್ದ ಕಡೆಯಲ್ಲೆಲ್ಲ ಗುರುತು ಕಾಣುತ್ತದೆ. ಬಲಗೈ ಆಟಗಾರನ ತಪ್ಪು ಎರಡೇ ದಿಕ್ಕಿಗೆ ಹೋಗುತ್ತದೆ. ಕ್ಲಬ್ಬಿನ ಮುಖ ತೆರೆದುಕೊಂಡರೆ ಚೆಂಡು ಬಲಕ್ಕೆ ಹೋಗಿ ಮೊದಲೇ ಬೀಳುತ್ತದೆ. ಮುಚ್ಚಿಕೊಂಡರೆ ಎಡಕ್ಕೆ ತಿರುಗಿ ದೂರ ಓಡುತ್ತದೆ. ಟವಲ್ ಇರುವುದು ಸರಿಯಾಗಿ ಇದಕ್ಕೆ ಅಡ್ಡವಾಗಿ! ಮೂವತ್ತು ಗುರುತು ಎಣಿಸಿದರೆ ಟವಲ್ ಮೇಲೆ ಮೂರೋ ನಾಲ್ಕೋ ಇರುತ್ತವೆ.

ಅಗಸ್ಟಾದಲ್ಲಿ ಬಲಕ್ಕೆ ಮೊದಲೇ ಬೀಳುವ ಜಾಗದಲ್ಲಿ ರೇಸ್ ಕ್ರೀಕ್ ಎಂಬ ತೊರೆ ಹರಿಯುತ್ತದೆ. ಅದರ ದಂಡೆಯ ಹುಲ್ಲನ್ನು ನುಣ್ಣಗೆ ಕತ್ತರಿಸಿರುತ್ತಾರೆ, ಹಾಗಾಗಿ ದಂಡೆಗೆ ಬಿದ್ದ ಚೆಂಡು ಸಾಮಾನ್ಯವಾಗಿ ಜಾರಿ ನೀರಿಗೆ ಸೇರುತ್ತದೆ. 1992ರಲ್ಲಿ ಫ್ರೆಡ್ ಕಪಲ್ಸ್ ಚೆಂಡು ಮಾತ್ರ ಅಲ್ಲೇ ನಿಂತಿತು, ಅವರು ಟೂರ್ನಿ ಗೆದ್ದರು. ಮೇಲಿಂದ ಗಾಳಿ ಬೇರೆ. ಎತ್ತರದ ಪೈನ್ ಮರಗಳ ನಡುವೆ ಅದು ಸುತ್ತು ಹೊಡೆಯುತ್ತದೆ. ಪಕ್ಕದ 11ನೇ ಹೋಲ್‌ನ ಬಾವುಟ ಒಂದು ಕಡೆ, ಇಲ್ಲಿನದು ಇನ್ನೊಂದು ಕಡೆ ತಿರುಗಿರುತ್ತವೆ. ಭಾನುವಾರ ಪಿನ್ (ಕುಳಿಯಲ್ಲಿ ನಿಲ್ಲಿಸುವ ಬಾವುಟದ ಕೋಲು) ಇಡುವುದು ಬಲ ಮೂಲೆಯಲ್ಲಿ. ಕಣ್ಣು ಅಲ್ಲಿಗೇ ಎಳೆಯುತ್ತದೆ, ಅಲ್ವಾ?

ಟೈಗರ್ ವುಡ್ಸ್ ಅಂದು ಆ ಬಾವುಟ ಬಿಟ್ಟರು. ಒಂಬತ್ತನೇ ಐರನ್ ಕ್ಲಬ್ ಹಿಡಿದು ಎಡಗಡೆ, ಮುಂದಿನ ಬಂಕರ್ (ಮರಳಿನ ಗುಂಡಿ) ಮೇಲಿಂದ ಹೊಡೆದರು. ಅಲ್ಲಿ ಚೂರು ಕಡಿಮೆ ಬಿದ್ದರೂ ಮರಳು ಸಿಗುತ್ತದೆ, ನೀರಿಗೆ ಬಿದ್ದಾಗಿನಂತೆ ದಂಡದ ಹೊಡೆತ ಇಲ್ಲ. ಚೆಂಡು ಗ್ರೀನ್‌ನಲ್ಲಿ ನಿಂತಿತು, ಪಿನ್‌ಗೆ ತುಂಬ ದೂರ. ಎರಡು ಪಟ್ (ಗ್ರೀನ್ ಮೇಲೆ ಉರುಳಿಸುವ ಹೊಡೆತ), ಪಾರ್: ಆ ಹೋಲ್‌ಗೆ ನಿಗದಿಯಾದಷ್ಟೇ ಹೊಡೆತ. ಮೊಲಿನಾರಿಗೆ ಡಬಲ್ ಬೋಗಿ, ಅಂದರೆ ಪಾರ್‌ಗಿಂತ ಎರಡು ಹೊಡೆತ ಜಾಸ್ತಿ. ಒಂದೇ ಹೋಲ್‌ನಲ್ಲಿ ಇಬ್ಬರೂ ಸಮ. ಸಂಜೆಗೆ ಟೈಗರ್ ಒಂದು ಹೊಡೆತದಿಂದ ಗೆದ್ದರು. 2008ರ ನಂತರ ಅವರ ಮೊದಲ ಮೇಜರ್ (ಗಾಲ್ಫ್‌ನ ಅತಿ ದೊಡ್ಡ ಟೂರ್ನಿಗಳಲ್ಲೊಂದು) ಗೆಲುವು ಅದು, ಒಟ್ಟು 15ನೆಯದು. ನನ್ನ ಮಟ್ಟಿಗೆ ಆ ವಾರದ ಅತಿ ದೊಡ್ಡ ಹೊಡೆತ ಆ ಸಪ್ಪೆ ಪಾರ್.

ಹಾಗಂತ ಲೆಕ್ಕ ಗೊತ್ತಿದ್ದರೆ ಸಾಕು ಅಂದುಕೊಳ್ಳಬೇಡಿ. 2020ರ ನವೆಂಬರಿನ ಮಾಸ್ಟರ್ಸ್‌ನಲ್ಲಿ ಇದೇ ಟೈಗರ್ ಇದೇ ಹೋಲ್‌ನಲ್ಲಿ ಮೂರು ಸಲ ನೀರಿಗೆ ಹಾಕಿ 10 ಹೊಡೆತ ತೆಗೆದುಕೊಂಡರು. ಉಳಿದ ಆರು ಹೋಲ್‌ಗಳಲ್ಲಿ ಐದು ಬರ್ಡಿ (ಪಾರ್‌ಗಿಂತ ಒಂದು ಹೊಡೆತ ಕಡಿಮೆ) ಮಾಡಿದರು. ಅದನ್ನೂ ಮಕ್ಕಳಿಗೆ ತೋರಿಸುತ್ತೇನೆ.

ಚೀಲ ಹೊತ್ತು ಜೊತೆಗೆ ನಡೆಯುವ ನಮ್ಮ ಕ್ಯಾಡಿಗಳು ಇದನ್ನೆಲ್ಲ ಎಷ್ಟೋ ವರ್ಷದಿಂದ ಹೇಳುತ್ತಲೇ ಇದ್ದಾರೆ: 'ಸಾರ್, ಪಿನ್ ಬೇಡ, ಗ್ರೀನ್ ಮಧ್ಯಕ್ಕೆ ಹೊಡೀರಿ.' ನಾವು ತಲೆ ಆಡಿಸಿ ಪಿನ್‌ಗೇ ಹೊಡೆಯುತ್ತೇವೆ. ಮುಂದಿನ ಪಾಠಕ್ಕೆ ಬರುವಾಗ ಹಳೇ ಟವಲ್ ಒಂದನ್ನು ತನ್ನಿ. ಗುರುತು ಎಣಿಸಿದ ಮೇಲೆ ಡ್ರೈವರ್ ಮಾತಾಡೋಣ.