ಎಪಾಕ್ಸಿ ರೆಸಿನ್: 2:1 ಅಂದರೆ ಗ್ರಾಮೋ, ಎಂಎಲ್ಲೋ?

ಚಾಲಿ ಅಡಿಕೆಯ ಹೋಳುಗಳನ್ನು ರೆಸಿನ್ ಒಳಗಿಟ್ಟು ಕೀ ಚೈನ್ ಮಾಡುವುದನ್ನು ಕಲಿಯುತ್ತಿದ್ದೇನೆ. ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆ ಅಡಿಕೆಗೇನೂ ಬರವಿಲ್ಲ ಅಲ್ವಾ! ನಮ್ಮ ಕಡೆ ಈ ಕೆಲಸ ಶುರು ಮಾಡಿರುವವರಿಗೆ ಈ ಟಿಪ್ಪಣಿ. ಕಿಟಕಿ ತೆರೆದಿಡುವುದು, ಗ್ಲೌಸ್ ಹಾಕುವುದು ಎಲ್ಲರಿಗೂ ಗೊತ್ತು. ನೇರ ಅಳತೆಗೆ ಬರುತ್ತೇನೆ.

ಅಳತೆ

ಎಪಾಕ್ಸಿ ಎರಡು ದ್ರವಗಳಾಗಿ ಬರುತ್ತದೆ: ರೆಸಿನ್, ಮತ್ತು ಅದನ್ನು ಗಟ್ಟಿ ಮಾಡುವ ಹಾರ್ಡನರ್. ಬಾಟಲಿ ಮೇಲೆ 2:1 ಅಂತ ದೊಡ್ಡದಾಗಿ ಇರುತ್ತದೆ, ಅಂದರೆ ಎರಡು ಪಾಲು ರೆಸಿನ್‌ಗೆ ಒಂದು ಪಾಲು ಹಾರ್ಡನರ್. ಅದು ಬೈ ವಾಲ್ಯೂಮೋ (ಎಂಎಲ್ ಲೆಕ್ಕ), ಬೈ ವೇಟೋ (ಗ್ರಾಂ ಲೆಕ್ಕ) ಅನ್ನುವುದು ಸಣ್ಣ ಅಕ್ಷರದಲ್ಲಿ. ನನಗೆ ತಲೆಗೆ ಹತ್ತದೆ ಕಾಡಿದ್ದು ಇದೇ. ಎರಡೂ ಒಂದೇ ಅಲ್ಲ, ಯಾಕಂದರೆ ರೆಸಿನ್ ನೀರಿಗಿಂತ ಭಾರ, ಹಾರ್ಡನರ್ ಸಾಮಾನ್ಯವಾಗಿ ರೆಸಿನ್‌ಗಿಂತ ಹಗುರ.

2:1 ಬೈ ವಾಲ್ಯೂಮ್ ಆಗಿದ್ದರೆ ಹೇಗೆ, ಒಂದು ಲೆಕ್ಕ ನೋಡಿ. ರೆಸಿನ್ 1 ಎಂಎಲ್‌ಗೆ 1.10 ಗ್ರಾಂ, ಹಾರ್ಡನರ್ 0.95 ಗ್ರಾಂ ಅಂತ ಇಟ್ಟುಕೊಳ್ಳಿ. 100 ಎಂಎಲ್ ರೆಸಿನ್ ತೂಗಿದರೆ 110 ಗ್ರಾಂ. 50 ಎಂಎಲ್ ಹಾರ್ಡನರ್ 47.5 ಗ್ರಾಂ. ಅಂದರೆ ತೂಕದಲ್ಲಿ ಇದು 100ಕ್ಕೆ ಸುಮಾರು 43. 50 ಅಲ್ಲ!

ಈಗ ತಕ್ಕಡಿ ಮೇಲೆ ಕಪ್ ಇಟ್ಟು, ಸೊನ್ನೆ ಮಾಡಿ, 66 ಗ್ರಾಂ ರೆಸಿನ್ ಹಾಕಿದಿರಿ ಅಂದುಕೊಳ್ಳಿ. ಬೇಕಾದ ಹಾರ್ಡನರ್ 28.5 ಗ್ರಾಂ. ಸುಮ್ನೆ ಅರ್ಧ ಅಂತ 33 ಗ್ರಾಂ ಹಾಕಿದರೆ 4.5 ಗ್ರಾಂ ಜಾಸ್ತಿ. ನಿಮ್ಮ ಬಾಟಲಿಯ ಅಂಕಿ ಬೇರೆ ಇರುತ್ತದೆ. ಕಂಪನಿಯ ಡೇಟಾ ಶೀಟಿನಲ್ಲಿ ತೂಕದ ಪ್ರಮಾಣ ಹುಡುಕಿ, ಬಾಟಲಿ ಮೇಲೇ ಬರೆದಿಡಿ. ಅದು ಸಿಗದಿದ್ದರೆ ತಕ್ಕಡಿ ಬಿಟ್ಟು ಗೆರೆ ಇರುವ ಕಪ್ ಬಳಸಿ.

ಜಾಸ್ತಿ ಹಾರ್ಡನರ್ ಹಾಕಿದರೆ ಬೇಗ ಗಟ್ಟಿಯಾಗುವುದಿಲ್ಲವೇ? ಇಲ್ಲ. ಅಂಗಿಯ ಗುಂಡಿ ಮತ್ತು ಕಾಜಾ ಇದ್ದ ಹಾಗೆ, ರೆಸಿನ್ನಿನ ಒಂದೊಂದು ಕೊಂಡಿಗೂ ಹಾರ್ಡನರಿನಲ್ಲಿ ಒಂದು ಜೋಡಿ ಬೇಕು. ಜೋಡಿ ಸಿಗದೆ ಉಳಿದದ್ದು ಒಳಗೇ ಉಳಿಯುತ್ತದೆ. ಕೀ ಚೈನ್ ಬಾಗುತ್ತದೆ, ಅಂಟಂಟಾಗುತ್ತದೆ. ಎಷ್ಟು ದಿನ ಕಾದರೂ ಸರಿಹೋಗುವುದಿಲ್ಲ.

ಕಲಸುವುದು

ನಿಧಾನವಾಗಿ, 3–4 ನಿಮಿಷ. ಕಪ್ಪಿನ ಗೋಡೆ, ತಳ, ಕಡ್ಡಿಗೆ ಅಂಟಿದ್ದು, ಎಲ್ಲ ಕೆರೆದು ಸೇರಿಸಿ. ಆಮೇಲೆ ಇನ್ನೊಂದು ಕಪ್ಪಿಗೆ ಸುರಿದು ಮತ್ತೆ ಕಲಸಿ. ಕಲಸಿದ್ದನ್ನು ಕಪ್ಪಿನಲ್ಲೇ ಬಿಡಬೇಡಿ, ರಾಶಿಯಾಗಿ ಇದ್ದಷ್ಟೂ ಬಿಸಿ ಏರುತ್ತದೆ. ಅಡಿಕೆ ಹೋಳಿಗೆ ಮೊದಲು ರೆಸಿನ್ನಿನ ತೆಳು ಲೇಪ ಕೊಡಿ. ಇಲ್ಲದಿದ್ದರೆ ಅದರೊಳಗಿನ ಗಾಳಿ ಗುಳ್ಳೆಯಾಗಿ ಬರುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಮೇಲೆ ಎಣ್ಣೆ ಸವರಿದಂಥ ಪದರ ಬರಬಹುದು. ಗಟ್ಟಿಯಾದ ಮೇಲೆ ನೀರು ಹಾಕಿ ಉಜ್ಜಿ ತೊಳೆದರೆ ಹೋಗುತ್ತದೆ.

ಸಿಲಿಕೋನ್ ಅಚ್ಚು

ರೆಸಿನ್ ಸುರಿಯುವ ಅಚ್ಚು ಮಾಡುವ ಸಿಲಿಕೋನಿನಲ್ಲಿ ಎರಡು ಜಾತಿ: ಟಿನ್, ಪ್ಲಾಟಿನಂ. ಟಿನ್ ಜಾತಿಯಲ್ಲಿ ನೂರು ಗ್ರಾಂ ಬೇಸ್‌ಗೆ (ಮೂಲ ಸಿಲಿಕೋನ್) ಕೆಲವೇ ಗ್ರಾಂ ಕೆಟಲಿಸ್ಟ್ (ಅದನ್ನು ಗಟ್ಟಿ ಮಾಡುವ ದ್ರವ). ಇದರಲ್ಲಿ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುವುದು ನಿಜ, ಅಚ್ಚಿನ ಆಯಸ್ಸು ಮಾತ್ರ ಕಡಿಮೆ. ಎಪಾಕ್ಸಿ ಬಗ್ಗೆ ತಪ್ಪು ಕಲ್ಪನೆ ಹುಟ್ಟುವುದು ಇಲ್ಲಿಂದಲೇ ಅನಿಸುತ್ತದೆ. ಪ್ಲಾಟಿನಂ ಜಾತಿಗೆ ಗಂಧಕ ಆಗುವುದಿಲ್ಲ, ತಾಗಿದರೆ ಗಟ್ಟಿಯಾಗದು. ಗಂಧಕ ಇರುವ ಲ್ಯಾಟೆಕ್ಸ್ ಗ್ಲೌಸ್ ತಾಗಿದ ಕಡೆಯೂ ಹಸಿಯಾಗೇ ಉಳಿಯಬಹುದು, ಹಾಗಾಗಿ ನೈಟ್ರೈಲ್ ಗ್ಲೌಸ್ ತನ್ನಿ. ಎರಡು ಭಾಗದ ಅಚ್ಚಾದರೆ ಮೊದಲ ಭಾಗಕ್ಕೆ ವ್ಯಾಸಲೀನ್ ತೆಳುವಾಗಿ ಸವರಿಯೇ ಎರಡನೆಯದನ್ನು ಸುರಿಯಿರಿ. ಸಿಲಿಕೋನ್ ಬೇರೆ ಏನಕ್ಕೂ ಅಷ್ಟು ಸುಲಭವಾಗಿ ಅಂಟದು, ಸಿಲಿಕೋನಿಗೆ ಮಾತ್ರ ಬಿಡಿಸಲಾಗದಂತೆ ಅಂಟುತ್ತದೆ.